ಕಾವಲು ಯಾರಿಗೆ, ಕಣ್ಣು ಯಾರ ಮೇಲೆ?

ಇಂಗ್ಲೆಂಡಿನ ಚೆಸ್ಟರ್ ನಗರದ ಹೊರವಲಯದಲ್ಲಿ ಮಾಲಿಂಗ್ಟನ್ ಎಂಬ ಸಣ್ಣ ಹಳ್ಳಿಯಿದೆ. ಮನೆಗಳ್ಳತನದ ಹಾವಳಿಗೆ ಬೇಸತ್ತ ಅಲ್ಲಿನ ಜನ 1982ರಲ್ಲಿ ಪೊಲೀಸರೊಡನೆ ಸೇರಿ ಒಂದು ಏರ್ಪಾಡು ಮಾಡಿಕೊಂಡರು. ಬ್ರಿಟನ್ನಿನ ಮೊದಲ 'ನೈಬರ್‌ಹುಡ್ ವಾಚ್', ಅಂದರೆ ನೆರೆಹೊರೆಯ ಕಾವಲು, ಹುಟ್ಟಿದ್ದು ಹೀಗೆ. ಇಂಥ ಕಾವಲಿನ ನಿಯಮಗಳು ತೀರ ಸರಳ. ಊರಿಗೆ ಹೋಗುವವರು ಪಕ್ಕದ ಮನೆಗೆ ಹೇಳಿ ಹೋಗುವುದು. ಬಾಗಿಲಲ್ಲಿ ಬಿದ್ದ ಹಾಲಿನ ಬಾಟಲಿ, ದಿನಪತ್ರಿಕೆಗಳನ್ನು ನೆರೆಯವರು ತೆಗೆದಿಡುವುದು. ಬೀದಿಯಲ್ಲಿ ಏನಾದರೂ ಅಸಹಜವೆನಿಸಿದರೆ ತಾವೇ ಮುನ್ನುಗ್ಗದೆ ಠಾಣೆಗೆ ತಿಳಿಸುವುದು. ಕಿಟಕಿಗೊಂದು ಚೀಟಿ, ಬೀದಿಯ ಕಂಬಕ್ಕೊಂದು ಫಲಕ, ವರ್ಷಕ್ಕೆ ಒಂದೆರಡು ಸಭೆ. ಇದಕ್ಕೂ ಒಂದು ಯೋಜನೆ, ಒಂದು ಹೆಸರು ಬೇಕೆ ಎಂದು ನಮ್ಮ ವಠಾರಗಳಲ್ಲಿ ಬಾಳಿದ ಹಿರಿಯರು ನಕ್ಕಾರು.

ಆದರೆ ಹೆಸರು ಕೊಟ್ಟಮೇಲೆ ಅದು ಹಬ್ಬಿದ ವೇಗ ಅಚ್ಚರಿಯದು. ಮರುವರ್ಷವೇ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ಅದನ್ನು ಕೈಗೆತ್ತಿಕೊಂಡರು. 2000ನೇ ಇಸವಿಯ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ನಾಲ್ಕು ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳು ಇಂಥ ಒಂದಲ್ಲ ಒಂದು ಕಾವಲಿನ ಸದಸ್ಯರಾಗಿದ್ದುದನ್ನು ಸರ್ಕಾರಿ ಸಮೀಕ್ಷೆ ದಾಖಲಿಸಿತು. ಅಮೆರಿಕದಲ್ಲಿ ಇದಕ್ಕೂ ಹತ್ತು ವರ್ಷ ಮೊದಲೇ, 1972ರಲ್ಲಿ, ಅಲ್ಲಿನ ಷೆರಿಫ್‌ಗಳ ರಾಷ್ಟ್ರೀಯ ಸಂಘ ದೇಶವ್ಯಾಪಿ ಕಾರ್ಯಕ್ರಮ ಆರಂಭಿಸಿತ್ತು.

ಈಗ ಕಾಲ ಬೇರೆ. ಬಾಗಿಲ ಗಂಟೆಯೊಳಗೇ ಕ್ಯಾಮೆರಾ ಕುಳಿತಿದೆ. ಬೀದಿಯ ಸುದ್ದಿ ಮೊಬೈಲಿನ ಗುಂಪುಗಳಲ್ಲಿ ಕ್ಷಣದಲ್ಲಿ ಹರಿಯುತ್ತದೆ. ಹೀಗಿರುವಾಗ ಕಿಟಕಿಯ ಪರದೆ ಸರಿಸಿ ನೋಡುವ ಪಕ್ಕದ ಮನೆಯವರ ಕಣ್ಣಿಗೆ ಇನ್ನೂ ಬೆಲೆ ಇದೆಯೇ? ಇದು ಕೇವಲ ಬೀಗ ಮತ್ತು ಬಾಗಿಲಿನ ಪ್ರಶ್ನೆಯಲ್ಲ. 2012ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, 2018ರಲ್ಲಿ ನಮ್ಮದೇ ಬೀದರ್ ಜಿಲ್ಲೆಯಲ್ಲಿ, ಕಾಯುತ್ತೇವೆಂದು ಹೊರಟವರ ಕೈಯಲ್ಲೇ ಜೀವಗಳು ಹೋಗಿವೆ. ಹಾಗಾಗಿ ಕಾವಲು ಬೇಕೆ ಬೇಡವೆ ಎಂದು ಕೇಳುವ ಮೊದಲು, ಕಾವಲು ಎಂದರೆ ಏನಾಗಿತ್ತು ಎಂದು ಒಮ್ಮೆ ಹಿಂದಿರುಗಿ ನೋಡುವುದು ಒಳ್ಳೆಯದು.

ಊರೇ ಹೊಣೆ

ಇಂಗ್ಲೆಂಡಿನಲ್ಲಿ ಪೊಲೀಸರೆಂಬ ಸಂಬಳದ ಪಡೆ ಹುಟ್ಟಿದ್ದು 1829ರಲ್ಲಿ, ರಾಬರ್ಟ್ ಪೀಲ್ ಗೃಹಮಂತ್ರಿಯಾಗಿದ್ದಾಗ. ಅದಕ್ಕೆ ಮೊದಲು ಶತಮಾನಗಳ ಕಾಲ ಊರನ್ನು ಕಾಯುತ್ತಿದ್ದವರು ಊರಿನವರೇ. ಒಂದನೆಯ ಎಡ್ವರ್ಡ್ ದೊರೆ 1285ರಲ್ಲಿ ಹೊರಡಿಸಿದ ವಿಂಚೆಸ್ಟರ್ ಶಾಸನ ಈ ಹಳೆಯ ಪದ್ಧತಿಯನ್ನು ಬರಹಕ್ಕಿಳಿಸಿತು. ಕೋಟೆಯಿರುವ ಊರುಗಳ ಬಾಗಿಲುಗಳು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮುಚ್ಚಿರಬೇಕು. ಬೇಸಿಗೆಯ ತಿಂಗಳುಗಳಲ್ಲಿ ರಾತ್ರಿಯಿಡೀ ಕಾವಲಿರಬೇಕು. ನಗರದ ಪ್ರತಿ ಬಾಗಿಲಿಗೆ ಆರು ಜನ, ಹಳ್ಳಿಯಾದರೆ ಜನಸಂಖ್ಯೆ ನೋಡಿಕೊಂಡು ಆರೋ ನಾಲ್ಕೋ ಜನ. ರಾತ್ರಿ ಹಾದುಹೋಗುವ ಅಪರಿಚಿತನನ್ನು ಬೆಳಗಿನವರೆಗೆ ಹಿಡಿದಿಟ್ಟು, ಅನುಮಾನಕ್ಕೆ ಕಾರಣವಿಲ್ಲದಿದ್ದರೆ ಬಿಟ್ಟುಬಿಡಬೇಕು. ಹೆದ್ದಾರಿಯ ಇಕ್ಕೆಲದಲ್ಲಿ ಇನ್ನೂರು ಅಡಿಯವರೆಗೆ ಕಳ್ಳರು ಅಡಗುವಂಥ ಪೊದೆ ಇರಕೂಡದು. ಎಲ್ಲಕ್ಕಿಂತ ಬಿಗಿಯಾದ ನಿಯಮ ಇನ್ನೊಂದು: ಸೀಮೆಯಲ್ಲಿ ದರೋಡೆ ನಡೆದು ನಲವತ್ತು ದಿನದೊಳಗೆ ಕಳ್ಳನನ್ನು ಒಪ್ಪಿಸದಿದ್ದರೆ ಆ ಸೀಮೆಯ ಜನರೆಲ್ಲ ಸೇರಿ ನಷ್ಟ ತುಂಬಿಕೊಡಬೇಕು.

ಈ ಮಾತು ನಮ್ಮ ಸೀಮೆಯ ಹಳಬರಿಗೆ ಹೊಸದೇನೂ ಆಗಿರಲಿಲ್ಲ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಗೌಡ, ಶಾನುಭೋಗರ ನಂತರ ಬರುವ ತಳವಾರ ಮತ್ತು ತೋಟಿ ಕಾವಲಿನವರು. ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು 1812ರಲ್ಲಿ ಸಲ್ಲಿಸಿದ, 'ಐದನೆಯ ವರದಿ' ಎಂದು ಪ್ರಸಿದ್ಧವಾದ ದಾಖಲೆಯಲ್ಲಿ ದಕ್ಷಿಣದ ಹಳ್ಳಿಗಳ ಈ ಕೆಲಸಗಾರರ ವಿವರ ಬರುತ್ತದೆ. ತೋಟಿಯ ಕೆಲಸ ಹೆಚ್ಚಾಗಿ ಊರೊಳಗಿನದು. ಬೆಳೆ ಕಾಯುವುದು, ಅಳತೆಗೆ ನೆರವಾಗುವುದು. ತಳವಾರನಿಗೆ ಎರಡು ಹೊಣೆ. ಮೊದಲನೆಯದು ಅಪರಾಧಗಳ ಸುಳಿವು ಪಡೆಯುವುದು. ಎರಡನೆಯದನ್ನು ಇಂದು ಓದುವವರು ಸ್ವಲ್ಪ ನಿಲ್ಲಬೇಕು: ಒಂದೂರಿನಿಂದ ಇನ್ನೊಂದೂರಿಗೆ ಹೋಗುವ ಪ್ರಯಾಣಿಕರ ಜೊತೆ ನಡೆದು ಅವರನ್ನು ಸುರಕ್ಷಿತವಾಗಿ ದಾಟಿಸುವುದು. ಅಂದರೆ ಊರಿನವರನ್ನು ಪರಸ್ಥಳದವರಿಂದ ಕಾಯುವುದಷ್ಟೇ ಅಲ್ಲ, ಪರಸ್ಥಳದವರನ್ನು ಕಾಯುವುದೂ ಊರಿನ ಕಾವಲುಗಾರನ ಕೆಲಸವೇ ಆಗಿತ್ತು.

ಪೇಶ್ವೆಯಿಂದ ಗೆದ್ದುಕೊಂಡ ಪ್ರದೇಶಗಳ ಬಗ್ಗೆ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿ ಇನ್ನೂ ಸ್ವಾರಸ್ಯದ್ದು. ನಮ್ಮ ಧಾರವಾಡದ ಕಡೆಯ ನಾಡೂ ಆಗ ಪೇಶ್ವೆಯ ಕೈಯಿಂದಲೇ ಇಂಗ್ಲಿಷರಿಗೆ ಬಂದದ್ದು. ಊರಿಗೆ ಬಂದವರು, ಹೋದವರು, ಹೊಸ ಮುಖಗಳು, ಊರಿನ ಪ್ರತಿಯೊಬ್ಬನ ಗುಣಸ್ವಭಾವ, ಇವೆಲ್ಲ ಹಳ್ಳಿಯ ಕಾವಲುಗಾರನಿಗೆ ಗೊತ್ತಿರಬೇಕಿತ್ತು ಎಂದು ಹೇಳಿ ಎಲ್ಫಿನ್‌ಸ್ಟನ್ ಅದರ ಗುಟ್ಟನ್ನೂ ಬಿಡಿಸುತ್ತಾನೆ. ಕಾವಲುಗಾರನ ಸಂಭಾವನೆಯ ಒಂದು ಭಾಗ ಮನೆಮನೆಯಿಂದ ಬರುವ ಕಾಳುಕಡಿ. ತನಗೆ ಸಲ್ಲಬೇಕಾದದ್ದನ್ನು ಕೇಳಿ ಪಡೆಯಲು ಅವನು ಸದಾ ಬಾಗಿಲಿಂದ ಬಾಗಿಲಿಗೆ ಸುತ್ತುತ್ತಿರಬೇಕು. ಹಾಗೆ ಸುತ್ತುವುದರಿಂದಲೇ ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ಅವನಿಗೆ ತಾನಾಗಿ ತಿಳಿಯುತ್ತದೆ. ಕಳ್ಳನ ಹೆಜ್ಜೆಯ ಜಾಡು ಊರಿನ ಗಡಿ ದಾಟಿದ್ದನ್ನು ತೋರಿಸಿಕೊಟ್ಟರೆ ಈ ಊರಿನ ಹೊಣೆ ಮುಗಿಯಿತು. ಅಲ್ಲಿಂದ ಮುಂದೆ ಪಕ್ಕದ ಊರಿನ ಕಾವಲುಗಾರ ಜಾಡು ಹಿಡಿಯಬೇಕು. ಜಾಡು ಎಲ್ಲಿ ಕೊನೆಗೊಂಡಿತೋ ಆ ಊರು ಉತ್ತರ ಹೇಳಬೇಕು.

ಇದನ್ನೆಲ್ಲ ಓದಿ ಹಳೆಯ ಹಳ್ಳಿ ಸ್ವರ್ಗವಾಗಿತ್ತೆಂದು ಭಾವಿಸಬೇಕಿಲ್ಲ. ಕಾವಲಿನ ಕೆಲಸ ವಂಶಪಾರಂಪರ್ಯದ್ದು, ಜಾತಿಗೆ ಕಟ್ಟಿಹಾಕಿದ್ದು. ಊರಿನ ರಾತ್ರಿಯನ್ನೆಲ್ಲ ಕಾದವನಿಗೆ ಊರಿನ ಜಗುಲಿಯ ಮೇಲೆ ಕೂರುವ ಹಕ್ಕು ಇಲ್ಲದ ಊರುಗಳೇ ಹೆಚ್ಚು. ಬ್ರಿಟಿಷರ ಕಾಲದಲ್ಲಿ ಇದಕ್ಕೆ ಇನ್ನೊಂದು ಕೇಡು ಸೇರಿತು. 1871ರ ಕಾಯ್ದೆಯೊಂದು ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿತು. ಅಲೆಮಾರಿ ಜನರನ್ನು ಹಾಜರಿ ಕೂಗಿ ಎಣಿಸುವ, ತಂತಿಬೇಲಿಯೊಳಗೆ ಇಡುವ ಪದ್ಧತಿ ಬಂತು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಪ್ರದೇಶ ಇಂದಿಗೂ ಆ ಹೆಸರಿನಿಂದಲೇ ಆ ಕಥೆ ಹೇಳುತ್ತದೆ. 1952ರಲ್ಲಿ ಕಾಯ್ದೆ ರದ್ದಾಯಿತು, ಅನುಮಾನ ರದ್ದಾಗಲಿಲ್ಲ.

ಕಾವಲಿನೊಳಗೆ ಅರಸನ ಕಣ್ಣು ಸೇರಿಕೊಳ್ಳುವುದು ಇನ್ನೂ ಹಳೆಯ ಸಂಗತಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳಿಗೆ ಒಬ್ಬ 'ಗೋಪ' ಇರುತ್ತಾನೆ. ಆ ಮನೆಗಳವರ ಹೆಸರು, ಜಾತಿ, ಕಸುಬಿನ ಜೊತೆಗೆ ಆದಾಯ, ಖರ್ಚುಗಳ ಲೆಕ್ಕವೂ ಅವನ ಬಳಿ ಇರಬೇಕು. ಇದು ಜನರಿಗೆ ಕಾವಲೋ ಜನರ ಮೇಲೆ ಕಾವಲೋ ಎಂದು ಬಿಡಿಸಿ ಹೇಳುವುದು ಕಷ್ಟ. 1960ರಲ್ಲಿ ಕ್ಯೂಬಾದಲ್ಲಿ ಬೀದಿಬೀದಿಗೂ ಹುಟ್ಟಿಕೊಂಡ ಕ್ರಾಂತಿ ರಕ್ಷಣಾ ಸಮಿತಿಗಳ ಬಗ್ಗೆಯೂ ಇದೇ ಮಾತು ಹೇಳಬಹುದು.

ನಮ್ಮಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯ್ದೆಯಿಂದ ರದ್ದಾದವು. ಅದು 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಆಗಲೇಬೇಕಿದ್ದ ಸುಧಾರಣೆ. ಆದರೆ ಅದರೊಡನೆ ತೆರವಾದ ಕಾವಲಿನ ಜಾಗ ಖಾಲಿ ಉಳಿಯಬಾರದೆಂಬ ಅರಿವು ಅಂದಿನವರಿಗೆ ಇತ್ತೆಂದು ತೋರುತ್ತದೆ. ಮರುವರ್ಷವೇ, 1964ರಲ್ಲಿ, ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂತು. ಊರಿನ ಸ್ವಯಂಸೇವಕರ ದಳ, ಅದಕ್ಕೊಬ್ಬ ದಳಪತಿ. ಮಾಲಿಂಗ್ಟನ್ನಿನವರು ಸಭೆ ಸೇರುವುದಕ್ಕೆ ಹದಿನೆಂಟು ವರ್ಷ ಮೊದಲೇ ಅಂದಿನ ಮೈಸೂರು ರಾಜ್ಯದ ಕಾನೂನು ಪುಸ್ತಕದಲ್ಲಿ ನೆರೆಹೊರೆಯ ಕಾವಲು ಇತ್ತು ಎನ್ನುವುದು ಬಹಳ ಜನಕ್ಕೆ ತಿಳಿಯದು. ಪುಸ್ತಕದಲ್ಲಿ ಇದ್ದಷ್ಟು ಗಟ್ಟಿಯಾಗಿ ಊರುಗಳಲ್ಲಿ ಅದು ನೆಲೆಯೂರಲಿಲ್ಲ ಎಂಬುದೂ ನಿಜ.

ಮೂವತ್ತೆಂಟು ಸಾಕ್ಷಿಗಳ ಕಥೆ

ಪಾಶ್ಚಾತ್ಯ ನಗರಗಳಲ್ಲಿ ಈ ಹಳೆಯ ಊರುಕಾವಲು ಪೊಲೀಸರ ಕೈಗೆ ಹೋಗಿ ಜನ ಅದನ್ನು ಮರೆತೇಬಿಟ್ಟಿದ್ದರು. ಮತ್ತೆ ನೆನಪಿಸಿದ್ದು ಒಂದು ಕೊಲೆ. 1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಕಿಟ್ಟಿ ಜಿನೊವೀಸ್ ಎಂಬ ತರುಣಿ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದಾಗ ಚೂರಿ ಇರಿತಕ್ಕೆ ಬಲಿಯಾದಳು. ಎರಡು ವಾರದ ನಂತರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಮೂವತ್ತೆಂಟು ಮಂದಿ ನೆರೆಯವರು ಅರ್ಧ ಗಂಟೆಗೂ ಹೆಚ್ಚು ಕಾಲ ಈ ಕೊಲೆಯನ್ನು ಕಂಡೂ ಸುಮ್ಮನಿದ್ದರು ಎಂಬ ಅರ್ಥದ ವರದಿ ಪ್ರಕಟಿಸಿತು. ಜಗತ್ತೆಲ್ಲ ಬೆಚ್ಚಿತು. ನೋಡುವವರು ಹೆಚ್ಚಿದಷ್ಟೂ ನೆರವಿಗೆ ಬರುವವರು ಕಡಿಮೆ ಎಂಬುದನ್ನು ಬಿಬ್ ಲಾಟಾನೆ ಮತ್ತು ಜಾನ್ ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ನೆರೆಹೊರೆಯವರು ಸಂಘಟಿತರಾಗಬೇಕು ಎಂಬ ಕೂಗಿಗೆ ಬಲ ಬಂತು. ಅಮೆರಿಕದ ನೆರೆಹೊರೆ ಕಾವಲಿನ ಚರಿತ್ರೆ ಬರೆಯುವವರು ಈ ಕೊಲೆಯಿಂದಲೇ ಶುರುಮಾಡುವುದು ವಾಡಿಕೆ.

ವಿಚಿತ್ರವೆಂದರೆ ಆ ವರದಿಯಲ್ಲಿ ಬಹುಪಾಲು ತಪ್ಪಿತ್ತು. ಕೂಗು ಕೇಳಿದವರು ಹಲವರು, ನಡೆದದ್ದೇನೆಂದು ಕಂಡವರು ಬೆರಳೆಣಿಕೆಯಷ್ಟು. ಕಿಟಕಿಯಿಂದ ಗದರಿಸಿ ಕೊಲೆಗಾರನನ್ನು ಒಮ್ಮೆ ಓಡಿಸಿದವನೊಬ್ಬನಿದ್ದ. ಪೊಲೀಸರಿಗೆ ಫೋನು ಮಾಡಿದೆವೆಂದು ಹೇಳಿದವರಿದ್ದರು. ಕೊನೆಯ ಗಳಿಗೆಯಲ್ಲಿ ನೆರೆಯ ಹೆಂಗಸೊಬ್ಬಳು, ಕೊಲೆಗಾರ ಇನ್ನೂ ಅಲ್ಲೇ ಇರಬಹುದೆಂಬ ಭಯವನ್ನೂ ಲೆಕ್ಕಿಸದೆ ಇಳಿದು ಬಂದು, ಪ್ರಾಣ ಬಿಡುತ್ತಿದ್ದವಳನ್ನು ತೋಳಲ್ಲಿ ಹಿಡಿದುಕೊಂಡಿದ್ದಳು. ಕೊಲೆಗಾರ ಜೈಲಿನಲ್ಲಿ ಸತ್ತ 2016ರಲ್ಲಿ ಪತ್ರಿಕೆಯೇ ತನ್ನ ಹಳೆಯ ವರದಿಯಲ್ಲಿ ದೋಷವಿತ್ತೆಂದು ಒಪ್ಪಿಕೊಂಡಿತು. ನೆರೆಯವರು ಸತ್ತುಹೋದರೆಂಬ ಕಥೆಯ ಮೇಲೆ ಒಂದು ಚಳವಳಿಯೇ ಎದ್ದಿತು. ಇಳಿದು ಬಂದ ಆ ನೆರೆಯವಳ ಹೆಸರು ಐವತ್ತು ವರ್ಷ ಹೆಚ್ಚಿನವರಿಗೆ ತಿಳಿಯಲಿಲ್ಲ.

ಚೀಟಿ ಅಂಟಿಸಿದರೆ ಸಾಲದು

ಇಷ್ಟು ಹರಡಿದ ಯೋಜನೆಯಿಂದ ಕಳ್ಳತನ ಕಡಿಮೆಯಾಯಿತೇ? ಟ್ರೆವರ್ ಬೆನೆಟ್ ಎಂಬ ಅಪರಾಧಶಾಸ್ತ್ರಜ್ಞ 1980ರ ದಶಕದಲ್ಲಿ ಲಂಡನ್ನಿನ ಎರಡು ಬಡಾವಣೆಗಳಲ್ಲಿ ಕಾವಲು ಆರಂಭವಾಗುವ ಮೊದಲು ಮತ್ತು ನಂತರ ಸಮೀಕ್ಷೆ ನಡೆಸಿದ. ಫಲಿತಾಂಶ ನಿರಾಶೆಯದು. ಅಪರಾಧ ಇಳಿದ ಗುರುತು ಕಾಣಲಿಲ್ಲ. ಜನ ಕಿಟಕಿಗೆ ಚೀಟಿ ಅಂಟಿಸಿ ಕೆಲಸ ಮುಗಿಯಿತೆಂದುಕೊಂಡಿದ್ದರು. ಅದೇ ಬೆನೆಟ್ ಮುಂದೆ ಸಹೋದ್ಯೋಗಿಗಳೊಡನೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2008ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ ಚಿತ್ರ ಸ್ವಲ್ಪ ಬೇರೆಯಾಯಿತು. ಕಾವಲಿರುವ ಕಡೆ ಅಪರಾಧ ಸರಾಸರಿ ಶೇಕಡಾ 16ರಿಂದ 26ರಷ್ಟು ಕಡಿಮೆಯಾಗಿತ್ತು. ಆದರೆ ಯಾವ ಊರಿನಲ್ಲಿ ಏಕೆ ಫಲಿಸಿತು, ಯಾವ ಊರಿನಲ್ಲಿ ಏಕೆ ಫಲಿಸಲಿಲ್ಲ ಎಂಬುದಕ್ಕೆ ಅಲ್ಲಿ ಸ್ಪಷ್ಟ ಉತ್ತರ ಸಿಗಲಿಲ್ಲ. ಇನ್ನೊಂದು ವಿಪರ್ಯಾಸವೂ ಬ್ರಿಟನ್ನಿನ ಸಮೀಕ್ಷೆಗಳಲ್ಲಿ ಕಂಡಿತ್ತು. ಕಾವಲು ಸಂಘಗಳು ದಟ್ಟವಾಗಿದ್ದದ್ದು ಅನುಕೂಲಸ್ಥರ, ಕಳ್ಳತನದ ಭಯ ಕಡಿಮೆಯಿರುವ ಬಡಾವಣೆಗಳಲ್ಲಿ. ನಿಜವಾಗಿ ಕಳ್ಳರಿಂದ ನರಳುತ್ತಿದ್ದ ಬಡವರ ಬೀದಿಗಳಲ್ಲಿ ಸಭೆಗೆ ಬರುವವರೇ ಇರಲಿಲ್ಲ.

ಈ ಮಾತಿಗೆ ಅಪವಾದವಾಗಿ ನಿಂತ ಒಂದು ಬಡವರ ಬಡಾವಣೆಯಿದೆ. ಮ್ಯಾಂಚೆಸ್ಟರ್ ಸಮೀಪದ ರೋಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್. ನಗರಸಭೆ ಕಟ್ಟಿಸಿಕೊಟ್ಟ ಸುಮಾರು 2,280 ಬಾಡಿಗೆ ಮನೆಗಳು; ಕಳ್ಳತನದಲ್ಲಿ ದೇಶಕ್ಕೇ ಮುಂದು ಎನ್ನುವಂಥ ಸ್ಥಿತಿ. 1986ರಲ್ಲಿ ಪೊಲೀಸರು, ಪ್ರೊಬೇಷನ್ ಅಧಿಕಾರಿಗಳು ಮತ್ತು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಅಲ್ಲಿ ಒಂದು ಕೆಲಸ ಕೈಗೆತ್ತಿಕೊಂಡರು. ಅವರು ಮೊದಲು ಮಾಡಿದ್ದು ಬಹಳ ಸಾಮಾನ್ಯವಾದದ್ದು: ಕಳ್ಳತನವಾದ ಮನೆಯವರನ್ನು, ಅವರ ನೆರೆಯವರನ್ನು, ಕೊನೆಗೆ ಸಿಕ್ಕಿಬಿದ್ದ ಕಳ್ಳರನ್ನೂ ಕೂರಿಸಿ ಕೇಳಿದ್ದು. ಎರಡು ಸಂಗತಿ ಹೊರಬಂದವು. ಆ ಮನೆಗಳಲ್ಲಿ ನಾಣ್ಯ ಹಾಕಿದರಷ್ಟೇ ವಿದ್ಯುತ್ತು, ಗ್ಯಾಸು ಬರುವ ಮೀಟರ್ ಪೆಟ್ಟಿಗೆಗಳಿದ್ದವು. ಕಳ್ಳರ ಪಾಲಿಗೆ ಅದು ಮನೆಮನೆಯಲ್ಲೂ ಇಟ್ಟ ಹುಂಡಿ. ಎರಡನೆಯದು, ಒಮ್ಮೆ ಕಳ್ಳತನವಾದ ಮನೆಯಲ್ಲೇ ಮತ್ತೆ ಕಳ್ಳತನವಾಗುವ ಸಂಭವ ಉಳಿದ ಮನೆಗಳಿಗಿಂತ ಹಲವು ಪಟ್ಟು ಹೆಚ್ಚಿತ್ತು. ದಾರಿ ಗೊತ್ತಾದ ಮನೆಗೆ ಕಳ್ಳ ಮರಳಿ ಬರುತ್ತಿದ್ದ.

ಹಾಗಾಗಿ ಕರ್ಕ್‌ಹೋಲ್ಟ್‌ನಲ್ಲಿ ಇಡೀ ಬಡಾವಣೆಗೆ ಫಲಕ ನೆಡುವ ಗೋಜಿಗೆ ಹೋಗಲಿಲ್ಲ. ಕಳ್ಳತನವಾದ ಮನೆಯ ನಾಣ್ಯದ ಮೀಟರ್ ತೆಗೆಸಿದರು, ಬೀಗ ಬಾಗಿಲು ಭದ್ರಪಡಿಸಿದರು. ಆಮೇಲೆ ಆ ಮನೆಯ ಅಕ್ಕಪಕ್ಕ, ಹಿಂದೆ, ಎದುರು ಇರುವ ಆರೇಳು ಮನೆಯವರನ್ನು ಮಾತ್ರ ಕಂಡು, ಈ ಮನೆಯ ಮೇಲೆ ಕೆಲವು ವಾರ ಒಂದು ಕಣ್ಣಿಡುತ್ತೀರಾ ಎಂದು ಕೇಳಿದರು. ಒಪ್ಪಿದವರಿಗೂ ಬೀಗಗಳನ್ನು ಭದ್ರಪಡಿಸಿಕೊಟ್ಟರು. ಇದಕ್ಕೆ ಅವರು ಇಟ್ಟ ಹೆಸರಿಗೆ ಕನ್ನಡದಲ್ಲಿ ರೇಷ್ಮೆಗೂಡು ಎಂದೇ ಅರ್ಥ. ನೊಂದ ಮನೆಯ ಸುತ್ತ ನೆರೆಯವರು ಹೆಣೆದ ಗೂಡು. ಯೋಜನೆಗೆ ಮುಂಚಿನ ಒಂದು ವರ್ಷದಲ್ಲಿ 526 ಇದ್ದ ಮನೆಗಳ್ಳತನದ ಪ್ರಕರಣಗಳು ಮೂರು ವರ್ಷಗಳಲ್ಲಿ 132ಕ್ಕೆ ಇಳಿದವು.

ಈ ಇಳಿಕೆಯಲ್ಲಿ ಮೀಟರ್ ಪೆಟ್ಟಿಗೆ ತೆಗೆಸಿದ್ದರ ಪಾಲೆಷ್ಟು, ನೆರೆಯವರ ಕಣ್ಣಿನ ಪಾಲೆಷ್ಟು ಎಂದು ವಿದ್ವಾಂಸರು ವಾದ ಮಾಡಿದ್ದಾರೆ. ವಾದ ಇರಲಿ. ಗಮನಿಸಬೇಕಾದ್ದು ಅಲ್ಲಿನ ಕಾವಲು ನೋಡಿದ ದಿಕ್ಕನ್ನು. ಬೀದಿಯಲ್ಲಿ ಹೋಗುವ ಹೊಸಬ ಯಾರು ಎಂದು ಅದು ಕೇಳಲಿಲ್ಲ. ಪೆಟ್ಟು ತಿಂದ ನೆರೆಮನೆ ಹೇಗಿದೆ ಎಂದು ಕೇಳಿತು.

ಷಿಕಾಗೊ ನಗರದ 343 ಬಡಾವಣೆಗಳ 8,782 ನಿವಾಸಿಗಳನ್ನು ಮಾತನಾಡಿಸಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಬೇರೆ ದಾರಿಯಿಂದ ಮುಟ್ಟಿತು. ಶಾಲೆ ತಪ್ಪಿಸಿ ಬೀದಿಮೂಲೆಯಲ್ಲಿ ಅಡ್ಡಾಡುವ ಹುಡುಗರನ್ನು ಕಂಡರೆ ನಿಮ್ಮ ನೆರೆಯವರು ಏನಾದರೂ ಮಾಡಿಯಾರೇ, ನೆರೆಯವರನ್ನು ನಂಬಬಹುದೇ ಎಂಬಂಥ ಪ್ರಶ್ನೆಗಳು. ಹೌದು ಎನ್ನುವವರು ಹೆಚ್ಚಿದ್ದ ಕಡೆ, ಬಡತನದ ಲೆಕ್ಕ ಹಿಡಿದ ಮೇಲೂ, ಹಿಂಸೆ ಕಡಿಮೆಯಿತ್ತು. ಕಳ್ಳರನ್ನು ಹುಡುಕುವ ಸಂಘ ಇದೆಯೇ ಎಂಬುದಕ್ಕಿಂತ ಪರರ ಮಕ್ಕಳನ್ನು ಗದರಿಸುವ ಸಲುಗೆ ಇದೆಯೇ ಎಂಬುದು ಮುಖ್ಯವಾಗಿತ್ತು. ನಮ್ಮ ವಠಾರದ ಅಜ್ಜಿಯರಿಗೆ ಆ ಸಲುಗೆ ಸ್ವಲ್ಪ ಹೆಚ್ಚಾಗಿಯೇ ಇತ್ತು.

ನೆಂಟ ಕಳ್ಳನಾದಾಗ

2012ರ ಫೆಬ್ರುವರಿ 26ರ ಸಂಜೆ. ಫ್ಲಾರಿಡಾದ ಸ್ಯಾನ್‌ಫರ್ಡ್ ಪಟ್ಟಣದ, ಸುತ್ತ ಗೋಡೆ ಇರುವ ಒಂದು ಬಡಾವಣೆ. ಕೆಲಕಾಲದಿಂದ ಅಲ್ಲಿ ಕಳ್ಳತನಗಳು ನಡೆದಿದ್ದವು, ನಿವಾಸಿಗಳು ಕಾವಲು ಸಂಘ ಕಟ್ಟಿಕೊಂಡಿದ್ದರು. ಟ್ರೇವನ್ ಮಾರ್ಟಿನ್ ಎಂಬ ಹದಿನೇಳು ವರ್ಷದ ಕಪ್ಪು ಹುಡುಗ ಅಂಗಡಿಯಿಂದ ಮಿಠಾಯಿ ಪೊಟ್ಟಣ, ತಂಪುಪಾನೀಯ ಕೊಂಡು ಮಳೆಯಲ್ಲಿ ನಡೆದು ಬರುತ್ತಿದ್ದ. ಕಾವಲು ಸಂಘದ ಜಾರ್ಜ್ ಜಿಮ್ಮರ್‌ಮನ್ ಅನುಮಾನಪಟ್ಟು ಪೊಲೀಸರಿಗೆ ಫೋನು ಮಾಡಿದ. ಹಿಂಬಾಲಿಸುವ ಅಗತ್ಯವಿಲ್ಲ ಎಂದು ಆ ಕಡೆಯಿಂದ ಹೇಳಿದರು. ಕೆಲವೇ ನಿಮಿಷಗಳಲ್ಲಿ ಹುಡುಗ ಗುಂಡೇಟಿಗೆ ಸತ್ತಿದ್ದ. ಮರುವರ್ಷ ನ್ಯಾಯಮಂಡಳಿ ಆತ್ಮರಕ್ಷಣೆಯ ವಾದವನ್ನು ಒಪ್ಪಿ ಜಿಮ್ಮರ್‌ಮನ್‌ನನ್ನು ಬಿಡುಗಡೆ ಮಾಡಿತು.

ಕಾವಲು ಸಂಘಗಳಿಗೆ ಕೊಡುವ ಸೂಚನೆಗಳಲ್ಲಿ ಎರಡು ಮಾತು ಮೊದಲಿನಿಂದಲೂ ಇವೆ: ಆಯುಧ ಹಿಡಿಯಬೇಡಿ, ಬೆನ್ನಟ್ಟಬೇಡಿ. ಅವನ್ನು ಮೀರಿದ್ದು ಒಂದು ತಪ್ಪು. ಅದಕ್ಕೂ ಹಿಂದಿನ ತಪ್ಪು ಇನ್ನೊಂದಿದೆ. ಆ ಹುಡುಗ ಹೊರಗಿನವನೇ ಆಗಿರಲಿಲ್ಲ. ಅದೇ ಬಡಾವಣೆಯ ಒಂದು ಮನೆಗೆ, ತನ್ನ ತಂದೆ ಮದುವೆಯಾಗಲಿದ್ದ ಮಹಿಳೆಯ ಮನೆಗೆ, ತಂದೆಯೊಡನೆ ಬಂದಿದ್ದ ನೆಂಟ. ಯಾರ ಮನೆಗೆ ಯಾರು ಬಂದಿದ್ದಾರೆ ಎಂಬುದು ಗೊತ್ತಿಲ್ಲದೆ ಕಾಯಲು ಹೊರಟ ಕಾವಲು ಅದು. ಎಲ್ಫಿನ್‌ಸ್ಟನ್ ಬಣ್ಣಿಸಿದ ಕಾವಲುಗಾರನಿಗೆ ಮೊದಲು ತಿಳಿಯುತ್ತಿದ್ದ ಸಂಗತಿಯೇ ಅದು.

2018ರ ಬೇಸಿಗೆಯಲ್ಲಿ ಕರ್ನಾಟಕದ ಮೊಬೈಲುಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಹರಿದಾಡಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಒಂದು ಜೊತೆಗಿತ್ತು. ಅದು ಕರಾಚಿಯ ಸಂಸ್ಥೆಯೊಂದು ಜನಜಾಗೃತಿಗಾಗಿ ಮಾಡಿದ ಚಿತ್ರ. ಮಗುವನ್ನು ಮರಳಿ ತಂದುಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ನಿಂತು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ಕಾರಣವಾಯಿತು. ಅವರು ಹೊರಡುವಷ್ಟರಲ್ಲಿ ಸುದ್ದಿ ಮೊಬೈಲಿನ ಗುಂಪುಗಳಲ್ಲಿ ಮುಂದಿನ ಊರಾದ ಮುರ್ಕಿಯನ್ನು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದರು. ಒಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡ. ಉಳಿದವರನ್ನು ಉಳಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅದೇ ತಿಂಗಳು ವಾಟ್ಸ್ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸಬಹುದೆಂಬ ಮಿತಿ ಹೇರಿತು.

ಒಂದೂರಿನ ಜಾಡನ್ನು ಮುಂದಿನೂರಿಗೆ ಒಪ್ಪಿಸುವುದು ಹಳೆಯ ಪದ್ಧತಿಯಲ್ಲೂ ಇತ್ತು. ಆದರೆ ಅಲ್ಲಿ ಕಾವಲುಗಾರ ನೆಲದ ಮೇಲಿನ ಹೆಜ್ಜೆಯನ್ನು ತೋರಿಸಬೇಕಿತ್ತು, ತಪ್ಪಿದರೆ ತನ್ನ ಊರೇ ದಂಡ ತೆರಬೇಕಿತ್ತು. ಮುರ್ಕಿಗೆ ಬಂದ ಸುದ್ದಿಗೆ ಹೆಜ್ಜೆಯೂ ಇರಲಿಲ್ಲ, ಹೊಣೆ ಹೊತ್ತವರೂ ಇರಲಿಲ್ಲ. ಪರಸ್ಥಳದವನನ್ನು ಗಡಿಯವರೆಗೆ ಕೈಹಿಡಿದು ದಾಟಿಸಬೇಕಾದ ದಾರಿಯಲ್ಲೇ ಅವನಿಗೆ ಅಡ್ಡ ಕಟ್ಟಲಾಗಿತ್ತು.

ಗೂರ್ಖಾ, ಕ್ಯಾಮೆರಾ ಮತ್ತು ಪಕ್ಕದ ಮನೆ

ಬೆಂಗಳೂರು, ಮೈಸೂರಿನಂಥ ಊರುಗಳ ಹಳೆಯ ಬಡಾವಣೆಗಳಲ್ಲಿ ಬೆಳೆದವರಿಗೆ ರಾತ್ರಿ ಕೋಲು ಕುಟ್ಟುತ್ತ, ಸೀಟಿ ಊದುತ್ತ ಹೋಗುವ ಗೂರ್ಖಾನ ನೆನಪಿರುತ್ತದೆ. ಆ ಸದ್ದು ಕಳ್ಳನಿಗೂ ಕೇಳಿಸುತ್ತದಲ್ಲ ಎಂಬುದು ಹಳೆಯ ತಮಾಷೆ. ತಿಂಗಳ ಮೊದಲಲ್ಲಿ ಅವನೇ ಹಗಲು ಹೊತ್ತು ಗೇಟಿನ ಬಳಿ ನಿಂತು ಹತ್ತೋ ಇಪ್ಪತ್ತೋ ರೂಪಾಯಿ ಪಡೆಯುತ್ತಿದ್ದ. ಆಗ ಮನೆಯೊಡತಿ, ಮುಂದಿನ ವಾರ ತಿರುಪತಿಗೆ ಹೋಗುತ್ತಿದ್ದೇವೆ, ಸ್ವಲ್ಪ ನೋಡಿಕೋ ಎನ್ನುತ್ತಿದ್ದರು. 1819ರ ವರದಿ ಹೇಳಿದ ಕಾಳುಕಡಿಯ ಲೆಕ್ಕ ರೂಪಾಯಿಯಾಗಿ ಮುಂದುವರಿದಿತ್ತು. ಹಳೆಯ ತಪ್ಪೂ ಮುಂದುವರಿದಿತ್ತು ಎನ್ನಿ. ವರ್ಷಾನುಗಟ್ಟಲೆ ಕಾಯ್ದವನ ಹೆಸರು ಏನೆಂದು ಹೆಚ್ಚಿನ ಮನೆಗಳಲ್ಲಿ ಯಾರೂ ಕೇಳಿರಲಿಲ್ಲ.

ಈಗ ಅಪಾರ್ಟ್‌ಮೆಂಟಿನ ಕಾವಲಿಗೆ ಏಜೆನ್ಸಿ ಕಳಿಸುವ ಸಿಬ್ಬಂದಿ ಆಗಾಗ ಬದಲಾಗುತ್ತಾರೆ. ಕ್ಯಾಮೆರಾಗಳು ಹೆಚ್ಚಿವೆ. ಜನ ಸೇರುವ ಕಟ್ಟಡಗಳಲ್ಲಿ ಕ್ಯಾಮೆರಾ ಕಡ್ಡಾಯ ಮಾಡುವ ಕಾಯ್ದೆಯನ್ನು ಕರ್ನಾಟಕ 2017ರಲ್ಲೇ ತಂದಿತು. ಬೆಂಗಳೂರಿನ ಸುರಕ್ಷಿತ ನಗರ ಯೋಜನೆಯಲ್ಲಿ ಬೀದಿಗಳಿಗೆ 7,000ಕ್ಕೂ ಹೆಚ್ಚು ಕ್ಯಾಮೆರಾಗಳು ಬಂದವು. ಕಳ್ಳ ಸಿಕ್ಕಿಬೀಳುವುದಕ್ಕೆ, ನ್ಯಾಯಾಲಯದಲ್ಲಿ ರುಜುವಾತಿಗೆ ಇವು ನೆರವಾಗುವುದರಲ್ಲಿ ಅನುಮಾನವಿಲ್ಲ. ಬ್ರಿಟನ್ನಿನಲ್ಲಿ 1990ರ ದಶಕದ ನಡುವಿನಿಂದ ಮನೆಗಳ್ಳತನ ಭಾರಿ ಇಳಿದುದಕ್ಕೆ ನೆರೆಹೊರೆಯ ಸಂಘಗಳಿಗಿಂತ ಒಳ್ಳೆಯ ಬೀಗ, ಗಟ್ಟಿ ಬಾಗಿಲುಗಳೇ ಹೆಚ್ಚು ಕಾರಣವೆಂದು ಹೇಳುವ ತಜ್ಞರಿದ್ದಾರೆ. ಕಳ್ಳರಿಂದ ರಕ್ಷಣೆಯೊಂದೇ ಗುರಿಯಾದರೆ ಕಿಟಕಿಯ ಚೀಟಿಗೆ ಈಗ ಹೆಚ್ಚಿನ ಕೆಲಸ ಉಳಿದಿಲ್ಲವೆಂದೇ ಹೇಳಬೇಕು.

ಉಳಿದಿರುವ ಕೆಲಸ ಬೇರೆ. ಕರ್ನಾಟಕದ ಪೊಲೀಸರು 2017ರಲ್ಲಿ ಬೀಟ್ ಪದ್ಧತಿಯನ್ನು ಹೊಸದಾಗಿ ರೂಪಿಸಿ, ಒಂದೊಂದು ಸಣ್ಣ ಪ್ರದೇಶವನ್ನು ಒಬ್ಬೊಬ್ಬ ಸಿಬ್ಬಂದಿಗೆ ವಹಿಸಿ, ಆ ಪ್ರದೇಶದ ನಾಗರಿಕರೊಡನೆ ಒಡನಾಟ ಇರಲಿ ಎಂದರು. ಕೇರಳ 2008ರಿಂದ ನಡೆಸುತ್ತಿರುವ ಜನಮೈತ್ರಿ ಯೋಜನೆಯಲ್ಲಿ ಬೀಟ್ ಪೊಲೀಸರು ಮನೆಮನೆಗೆ ಹೋಗಿ ಪರಿಚಯ ಮಾಡಿಕೊಳ್ಳಬೇಕು. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಸಂಸ್ಥೆ ಸೇರಿ ಹಿರಿಯ ನಾಗರಿಕರಿಗಾಗಿ 1090 ಸಹಾಯವಾಣಿಯನ್ನು 2002ರಲ್ಲಿ ತೆರೆದಾಗ, ಅದರ ಹಿಂದೆ ಇದ್ದದ್ದು ಒಂಟಿಯಾಗಿ ಬದುಕುವ ವೃದ್ಧರ ಚಿಂತೆ. ಇವೆಲ್ಲ ಠಾಣೆಯಿಂದ ಮನೆಯ ಕಡೆಗೆ ಹೊರಟ ದಾರಿಗಳು. ಮನೆಯಿಂದ ಪಕ್ಕದ ಮನೆಗೆ ಇರುವ ಹತ್ತು ಹೆಜ್ಜೆಯ ದಾರಿಯನ್ನು ಯಾವ ಇಲಾಖೆಯೂ ಸವೆಸಲಾರದು.

ಮಕ್ಕಳು ದೂರದೇಶಗಳಲ್ಲಿ ನೆಲೆಸಿ, ತಾಯಿಯೋ ತಂದೆಯೋ ಮೂರು ಕೋಣೆಯ ಮನೆಯಲ್ಲಿ ಒಬ್ಬರೇ ಉಳಿದಿರುವ ಮಹಡಿಗಳು ಬೆಂಗಳೂರಿನಲ್ಲಿ ಈಗ ವಿರಳವಲ್ಲ. ಬೆಳಗಿನ ಪತ್ರಿಕೆ, ಹಾಲಿನ ಪೊಟ್ಟಣ ಮಧ್ಯಾಹ್ನವಾದರೂ ಅಂಥ ಮನೆಯ ಬಾಗಿಲಲ್ಲೇ ಬಿದ್ದಿದ್ದರೆ, ಕಾರಿಡಾರಿನ ಕ್ಯಾಮೆರಾ ಅದನ್ನು ತಪ್ಪಿಲ್ಲದೆ ಚಿತ್ರಿಸಿಕೊಳ್ಳುತ್ತದೆ. ಎದುರು ಮನೆಯವರು ಬಾಗಿಲು ತೆರೆದು, ಗಂಟೆ ಒತ್ತಿ, ಉತ್ತರ ಬರದಿದ್ದರೆ ತಮ್ಮ ಬಳಿ ಇಟ್ಟುಕೊಂಡ ಇನ್ನೊಂದು ಬೀಗದಕೈಯನ್ನು ಹುಡುಕಬೇಕು. ಹಾಗೆ ಬೀಗದಕೈ ಕೊಟ್ಟಿಟ್ಟುಕೊಳ್ಳುವ ಮನೆಗಳು ಒಂದು ಮಹಡಿಯಲ್ಲಿ ಎಷ್ಟಿವೆ ಎಂದು ಯಾವ ಸಮೀಕ್ಷೆಯವರೂ ಇನ್ನೂ ಕೇಳಿದಂತಿಲ್ಲ.